ಕರೆದವರಾರು, ಬಂದವರಾರು

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಉಪಕರಣವನ್ನು ಕಂಡುಹಿಡಿದವನ ಹೆಸರನ್ನೂ ಔಷಧವು ಸಿದ್ಧವಾದ ವರ್ಷವನ್ನೂ ಶ್ರದ್ಧೆಯಿಂದ ನಮೂದಿಸಿ, ಆ ಉಪಕರಣವಿದ್ದ ಕೊಠಡಿಯ ಬಾಗಿಲವರೆಗೆ ಜನರು ಬಂದರೋ ಇಲ್ಲವೋ, ಬಂದಿದ್ದರೆ ಯಾರು ಕರೆದುದರಿಂದ ಬಂದರು, ಬಾರದಿದ್ದರೆ ಏತಕ್ಕೆ ಬಾರದೆ ಹೋದರು ಎಂಬ ಸಂಗತಿಯನ್ನು ಅಡಿಟಿಪ್ಪಣಿಗೆ ಬಿಟ್ಟುಬಿಡುವ ವಾಡಿಕೆಯುಂಟು. ಬೇರೆ ರೋಗಗಳ ಮಟ್ಟಿಗೆ ಇದರಿಂದ ಅಷ್ಟಾಗಿ ಹಾನಿಯಿಲ್ಲದಿರಬಹುದು. ಜ್ವರ ಬಂದವನೂ ಕಾಲು ಮುರಿದವನೂ ಯಾರೂ ಕರೆಯದಿದ್ದರೂ ವೈದ್ಯನ ಮನೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಗರ್ಭಕಂಠದ ಕ್ಯಾನ್ಸರಿನ ಪ್ರಕೃತಿ ಬೇರೆ. ಗರ್ಭಕೋಶದ ಬಾಯಿಯಲ್ಲಿ ಮೊದಲು ತಲೆದೋರುವ ವಿಕಾರವು ಯಾವ ನೋವನ್ನೂ ಕೊಡದೆ, ಯಾವ ಸೂಚನೆಯನ್ನೂ ತೋರದೆ, ಹತ್ತು ಹದಿನೈದು ವರ್ಷಗಳ ಕಾಲ ಅಲ್ಲಿಯೇ ನೆಲೆಸಿದ್ದು, ಎಷ್ಟೋ ಮಂದಿಯಲ್ಲಿ ತಾನಾಗಿಯೇ ಮಾಯವಾಗಿ, ಕೆಲವರಲ್ಲಿ ಮಾತ್ರ ಕ್ಯಾನ್ಸರಾಗಿ ಪರಿಣಮಿಸುತ್ತದೆ. ಆ ಅವಧಿಯಲ್ಲಿ ಕಣ್ಣಿಗೆ ಬಿದ್ದರೆ ಕೆಲವು ನಿಮಿಷಗಳ ಚಿಕಿತ್ಸೆಯಿಂದ ತೊಲಗುವ ಈ ವಿಕಾರವು, ರಕ್ತಸ್ರಾವವೂ ದುರ್ಗಂಧದ ಬಿಳಿಸೆರಗೂ ಸೊಂಟನೋವೂ ಕಾಣಿಸಿಕೊಳ್ಳುವ ಹೊತ್ತಿಗೆ ಬಹುಮಟ್ಟಿಗೆ ಕೈಮೀರಿರುತ್ತದೆ. ಆದುದರಿಂದ ಇಲ್ಲಿ ವೈದ್ಯನಿಗೆ ಬೇಕಾದವಳು ತನಗೇನೂ ಆಗಿಲ್ಲವೆಂದು ದೃಢವಾಗಿ ನಂಬಿರುವ, ಮನೆಗೆಲಸವನ್ನೋ ಕೂಲಿಯನ್ನೋ ಬಿಟ್ಟು ಬರಬೇಕಾದ, ಅಪರಿಚಿತರ ಮುಂದೆ ಸಂಕೋಚವನ್ನು ಬದಿಗಿಡಬೇಕಾದ ಆರೋಗ್ಯವಂತ ಹೆಂಗಸು. ಅವಳನ್ನು ಕರೆದ ಬಗೆಗಳಿಗೆ ಒಂದು ಚರಿತ್ರೆಯಿದೆ. ಆ ಚರಿತ್ರೆ ಪ್ರಯೋಗಶಾಲೆಯ ಚರಿತ್ರೆಗಿಂತ ಕಡಿಮೆ ಸ್ವಾರಸ್ಯದ್ದಲ್ಲ.

ಗ್ರೀಸ್ ದೇಶದ ಯುಬೀಯ ದ್ವೀಪದ ಕೀಮಿ ಎಂಬ ಊರಿನಲ್ಲಿ 1883ರಲ್ಲಿ ಹುಟ್ಟಿದ ಜಾರ್ಜ್ ಪಾಪನಿಕೊಲಾವು, 1913ರಲ್ಲಿ ಪತ್ನಿ ಆಂಡ್ರೊಮಾಕಿಯೊಡನೆ ನ್ಯೂಯಾರ್ಕಿಗೆ ಬಂದಿಳಿದಾಗ, ಹೊಟ್ಟೆಪಾಡಿಗಾಗಿ ಆಕೆ ದೊಡ್ಡದೊಂದು ಅಂಗಡಿಯಲ್ಲಿ ಬಟ್ಟೆಗೆ ಗುಂಡಿ ಹೊಲಿಯಬೇಕಾಯಿತು. ಕಾರ್ನೆಲ್ ವೈದ್ಯಶಾಲೆಯಲ್ಲಿ ಗಿನಿಯಿಲಿಗಳ ಯೋನಿಸ್ರಾವವನ್ನು ಸೂಕ್ಷ್ಮದರ್ಶಕದ ಕೆಳಗೆ ಪರಿಶೀಲಿಸುತ್ತಿದ್ದ ಆತನು ಅದೇ ಪರೀಕ್ಷೆಯನ್ನು ಮಾನವ ಸ್ತ್ರೀಯರಲ್ಲಿ ನಡೆಸಲು ಹೊರಟಾಗ, ವರ್ಷಗಳ ಕಾಲ ದಿನವೂ ತನ್ನ ಸ್ರಾವದ ಲೇಪವನ್ನು ಒದಗಿಸುತ್ತಿದ್ದವಳು, ಪ್ರಯೋಗಶಾಲೆಯ ಕೆಲಸದಲ್ಲಿ ಸಂಬಳವಿಲ್ಲದೆ ನೆರವಾಗುತ್ತಿದ್ದವಳು ಆಂಡ್ರೊಮಾಕಿಯೇ. ಆಕೆ ತನ್ನ ಗೆಳತಿಯರನ್ನು ಮನೆಗೆ ಔತಣಕ್ಕೆ ಕರೆದು, ಅವರನ್ನು ಒಪ್ಪಿಸಿ ಲೇಪ ತೆಗೆಸಿದಳೆಂದೂ, ಅವರಲ್ಲಿ ಒಬ್ಬಳಿಗೆ ರೋಗವಿದ್ದುದು ಅದರಿಂದ ತಿಳಿದುಬಂದಿತೆಂದೂ ಅವರ ಜೀವನವೃತ್ತಾಂತಗಳಲ್ಲಿ ಒಂದು ಹೇಳಿಕೆಯುಂಟು. 1928ರಲ್ಲಿ ಮಿಷಿಗನ್ ಪ್ರಾಂತದ ಬ್ಯಾಟಲ್ ಕ್ರೀಕ್ ಸಮ್ಮೇಳನದಲ್ಲಿ ಪಾಪನಿಕೊಲಾವು, ಲೇಪದಲ್ಲಿ ಕ್ಯಾನ್ಸರಿನ ಜೀವಕೋಶಗಳನ್ನು ಗುರುತಿಸಬಹುದೆಂಬ ತನ್ನ ಶೋಧನೆಯನ್ನು ಮಂಡಿಸಿದಾಗ ವೈದ್ಯಲೋಕವು ಅದನ್ನು ಲಕ್ಷಿಸಲಿಲ್ಲ. ಬುಖಾರೆಸ್ಟಿನ ಔರೆಲ್ ಬಾಬೆಷ್ ಅದಕ್ಕೆ ಒಂದು ವರ್ಷ ಮೊದಲೇ ಇಂಥದೇ ವಿಧಾನವನ್ನು ಪ್ರಕಟಿಸಿದ್ದುದನ್ನೂ ಲಕ್ಷಿಸಿರಲಿಲ್ಲ. ಹರ್ಬರ್ಟ್ ಟ್ರೌಟ್ ಎಂಬ ಸ್ತ್ರೀರೋಗತಜ್ಞನೊಡನೆ 1941ರಲ್ಲಿ ಒಂದು ಪ್ರಬಂಧವನ್ನೂ 1943ರಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದ ಮೇಲೆಯೇ ಪ್ಯಾಪ್ ಪರೀಕ್ಷೆಗೆ ಮನ್ನಣೆ ದೊರೆತುದು. ವಿಜ್ಞಾನಿಯ ಹೆಸರಿನ ಮೊದಲ ಮೂರಕ್ಷರವೇ ಪರೀಕ್ಷೆಯ ಹೆಸರಾಯಿತು. ಗೆಳತಿಯರನ್ನು ಕರೆದವಳ ಹೆಸರು ಎಲ್ಲಿಯೂ ನಿಲ್ಲಲಿಲ್ಲ.

ಆ ಮೇಲಿನ ಸುಧಾರಣೆಗಳನ್ನು ಬೇಗನೆ ಹೇಳಿ ಮುಗಿಸಬಹುದು. ಕೆನಡದ ಅರ್ನೆಸ್ಟ್ ಏರ್ 1947ರಲ್ಲಿ, ಗರ್ಭಕಂಠದ ಆಕಾರಕ್ಕೆ ಹೊಂದುವಂತೆ ತುದಿಯನ್ನು ಕೆತ್ತಿದ ಮರದ ಪಟ್ಟಿಯೊಂದನ್ನು ಬಳಕೆಗೆ ತಂದನು. 1949ರಿಂದ ಬ್ರಿಟಿಷ್ ಕೊಲಂಬಿಯ ಪ್ರಾಂತದಲ್ಲಿ ಪರೀಕ್ಷೆ ವ್ಯವಸ್ಥಿತವಾಗಿ ಆರಂಭವಾಯಿತು. ಫಿಲಡೆಲ್ಫಿಯದಲ್ಲಿ ಹೆಲೆನ್ ಡಿಕನ್ಸ್ ಎಂಬ ಕರಿಯ ಜನಾಂಗದ ವೈದ್ಯೆ, ಆಸ್ಪತ್ರೆಯ ಮೆಟ್ಟಲು ಹತ್ತಲು ಹಿಂಜರಿಯುತ್ತಿದ್ದ ತನ್ನ ಜನದ ಹೆಂಗಸರಿಗಾಗಿ, ಅವರು ಪ್ರಾರ್ಥನೆಗೆ ಸೇರುವ ಚರ್ಚಿನ ಬಳಿಯಲ್ಲಿಯೇ ವಾಹನವನ್ನು ನಿಲ್ಲಿಸಿ ಪರೀಕ್ಷೆ ನಡೆಸಿದಳು.

ಆದರೆ ಕರೆಯುವ ವಿದ್ಯೆಯನ್ನು ಒಂದು ಶಾಸ್ತ್ರದಂತೆ ಬೆಳೆಸಿದವರು ಉತ್ತರ ಯೂರೋಪಿನವರು. ಅದಕ್ಕೆ ಬೇಕಾದ ಮುಖ್ಯ ಸಾಧನವು ಅವರಿಗೆ ವೈದ್ಯರಿಂದ ದೊರೆಯದೆ ಪಾದ್ರಿಗಳಿಂದ ದೊರೆಯಿತೆಂಬುದು ಚರಿತ್ರೆಯ ಒಂದು ವಿನೋದ. ಸ್ವೀಡನ್ನಿನ 1686ರ ಚರ್ಚು ಶಾಸನದ ಪ್ರಕಾರ ಪ್ರತಿಯೊಂದು ಗ್ರಾಮದ ಪಾದ್ರಿಯೂ ತನ್ನ ಸೀಮೆಯ ಮನೆಮನೆಯ ಜನರ ಹೆಸರು, ಹುಟ್ಟು, ಮದುವೆ, ಸಾವು, ವಲಸೆಗಳನ್ನು, ಧರ್ಮಬೋಧೆಯ ಪುಸ್ತಕವನ್ನು ಓದಬಲ್ಲರೋ ಇಲ್ಲವೋ ಎಂಬ ವಿವರದ ಸಮೇತ ಬರೆದಿಡಬೇಕಾಗಿತ್ತು. ಆಗ ಸ್ವೀಡನ್ನಿನ ಅಧೀನದಲ್ಲಿದ್ದ ಫಿನ್ಲೆಂಡಿನಲ್ಲಿಯೂ ಅದೇ ಪದ್ಧತಿ ನೆಲೆಯೂರಿತು. ಆತ್ಮಗಳ ಲೆಕ್ಕಕ್ಕಾಗಿ ಹುಟ್ಟಿದ ಆ ಪುಸ್ತಕಗಳ ವಂಶದಲ್ಲಿಯೇ ಇಪ್ಪತ್ತನೆಯ ಶತಮಾನದ ಜನಸಂಖ್ಯಾ ದಾಖಲೆಗಳು ಬೆಳೆದು ಬಂದುವು. ಅದರಿಂದ 1963ರಲ್ಲಿ ಫಿನ್ಲೆಂಡ್ ಗರ್ಭಕಂಠದ ತಪಾಸಣೆಯನ್ನು ಆರಂಭಿಸಿದಾಗ, ದೇಶದಲ್ಲಿ ಮೂವತ್ತು ತುಂಬಿದ ಹೆಂಗಸರು ಯಾರು ಯಾರು, ಯಾವ ಬೀದಿಯ ಯಾವ ಮನೆಯಲ್ಲಿದ್ದಾರೆ ಎಂಬುದನ್ನು ಯಾರೂ ಊಹಿಸಬೇಕಾಗಿರಲಿಲ್ಲ. ಮೂವತ್ತರಿಂದ ಅರವತ್ತರವರೆಗೆ ಐದು ವರ್ಷಕ್ಕೊಮ್ಮೆ ಪ್ರತಿಯೊಬ್ಬಳಿಗೂ ಅವಳ ಹೆಸರಿಗೇ ಒಂದು ಪತ್ರ ಬರುತ್ತಿತ್ತು. ಎಲ್ಲಿಗೆ ಬರಬೇಕು, ಯಾವ ದಿನ, ಎಷ್ಟು ಗಂಟೆಗೆ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಲೇಪವನ್ನು ತೆಗೆಯುತ್ತಿದ್ದವರು ಬಹುಮಟ್ಟಿಗೆ ಸೂಲಗಿತ್ತಿಯ ಶಿಕ್ಷಣ ಪಡೆದ ದಾದಿಯರು, ಹಣ ಕೊಡಬೇಕಾಗಿರಲಿಲ್ಲ.

ನಮ್ಮ ಸೀಮೆಯಲ್ಲಿ ಮದುವೆಗೆ ಕರೆಯಲು ಹೊರಟ ಹೆಂಗಸರು ಕುಂಕುಮದ ಭರಣಿಯನ್ನು ಹಿಡಿದು, ಹೊಸ್ತಿಲು ದಾಟಿ ಒಳಗೆ ಬಂದು, ಮನೆಯಾಕೆಯ ಹಣೆಗೆ ಕುಂಕುಮವಿಟ್ಟು, ಮುಹೂರ್ತ ಇಂಥ ಹೊತ್ತಿಗೆ ಎಂದು ಬಾಯಲ್ಲಿ ಹೇಳಿ ಹೋಗುತ್ತಾರೆ; ದೇವಸ್ಥಾನದ ಗೋಡೆಗೆ ಕಾಗದವನ್ನು ಅಂಟಿಸಿ, ಊರಿನವರೆಲ್ಲ ಬರಬಹುದೆಂದು ಬರೆದು ಕುಳಿತರೆ ಆ ಮದುವೆಗೆ ಎಷ್ಟು ಮಂದಿ ಬಂದಾರು? ಫಿನ್ಲೆಂಡಿನದು ಮೊದಲ ಬಗೆಯ ಕರೆ. ನೆರೆಯ ನಾರ್ವೆಯದು ಆಗ ಎರಡನೆಯ ಬಗೆಯದಾಗಿತ್ತು. ನಾರ್ವೆಯಲ್ಲಿ ವೈದ್ಯರಿಗೆ ಕೊರತೆಯಿರಲಿಲ್ಲ, ಪ್ರಯೋಗಶಾಲೆಗಳಿಗೆ ಕೊರತೆಯಿರಲಿಲ್ಲ, ಕೇಳಿಕೊಂಡು ಬಂದವರಿಗೆಲ್ಲ ಲೇಪ ತೆಗೆಯುತ್ತಿದ್ದರು. ಆದರೆ ಪಟ್ಟಿ ಹಿಡಿದು ಕರೆಯುವ ಏರ್ಪಾಡು ಇದ್ದುದು ಓಸ್ಟ್‌ಫೋಲ್ಡ್ ಎಂಬ ಒಂದು ಪ್ರಾಂತದಲ್ಲಿ ಮಾತ್ರ, ಅಂದರೆ ಜನಸಂಖ್ಯೆಯ ನೂರಕ್ಕೆ ಐದರಷ್ಟಕ್ಕೆ. ಇದರ ಪರಿಣಾಮವೇನಾಯಿತೆಂಬುದನ್ನು ಮೂವರು ಸಂಶೋಧಕರು 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. 1965ರಿಂದ 1982ರವರೆಗಿನ ಅವಧಿಯಲ್ಲಿ ಈ ರೋಗದಿಂದ ಆಗುತ್ತಿದ್ದ ಮರಣಗಳು ಐಸ್‌ಲೆಂಡಿನಲ್ಲಿ ನೂರಕ್ಕೆ 80ರಷ್ಟು ಇಳಿದಿದ್ದುವು. ಫಿನ್ಲೆಂಡಿನಲ್ಲಿ 50ರಷ್ಟು, ಸ್ವೀಡನ್ನಿನಲ್ಲಿ 34ರಷ್ಟು. ಜನಸಂಖ್ಯೆಯ ಐದರಲ್ಲಿ ಎರಡು ಪಾಲಿಗೆ ಮಾತ್ರ ಕರೆ ಹೋಗುತ್ತಿದ್ದ ಡೆನ್ಮಾರ್ಕಿನಲ್ಲಿ 25ರಷ್ಟು. ನಾರ್ವೆಯಲ್ಲಿ ಕೇವಲ 10ರಷ್ಟು. ಐದೂ ದೇಶಗಳ ಹೆಂಗಸರು ಶಿಕ್ಷಣದಲ್ಲಿಯೂ ಜೀವನಸ್ಥಿತಿಯಲ್ಲಿಯೂ ಒಬ್ಬರಿಗೊಬ್ಬರು ಬಹಳ ದೂರದವರಲ್ಲ. ನಾರ್ವೆಯವರಿಗೆ ಲಜ್ಜೆ ಹೆಚ್ಚು, ಫಿನ್ಲೆಂಡಿನವರಿಗೆ ಕಡಿಮೆ ಎಂದು ಯಾರೂ ಹೇಳಲಾರರು. ಹೆಂಗಸರ ಅಜ್ಞಾನವನ್ನೂ ನಾಚಿಕೆಯನ್ನೂ ದೂರಿ ಕೈತೊಳೆದುಕೊಳ್ಳುವ ಪಂಡಿತರ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ನಾನು ಕಂಡಿಲ್ಲ.

ಇಂಗ್ಲೆಂಡಿನವರು ಇದೇ ಪಾಠವನ್ನು ಎರಡು ದಶಕ ತಡವಾಗಿ ಕಲಿತರು. 1960ರ ದಶಕದ ನಡುವಿನಲ್ಲಿಯೇ ಅಲ್ಲಿ ಲೇಪಪರೀಕ್ಷೆ ದೇಶವ್ಯಾಪಿಯಾಗಿ ಆರಂಭವಾಗಿ, ಲಕ್ಷಾಂತರ ಲೇಪಗಳು ಪ್ರಯೋಗಶಾಲೆಗಳಿಗೆ ಹೋಗುತ್ತಿದ್ದರೂ, ಅವುಗಳಲ್ಲಿ ಬಹುಭಾಗವು ಬಸುರಿನ ಪರೀಕ್ಷೆಗೋ ಸಂತಾನನಿಯಂತ್ರಣದ ಸಲಹೆಗೋ ಹೇಗೂ ವೈದ್ಯರಲ್ಲಿಗೆ ಬರುತ್ತಿದ್ದ ತರುಣಿಯರವು. ಹೆರಿಗೆಯ ಕಾಲವನ್ನು ದಾಟಿದ, ರೋಗದ ಭಯ ಹೆಚ್ಚಾಗಿದ್ದ ವಯಸ್ಸಿನ ಹೆಂಗಸರು ಬರಲಿಲ್ಲ, ಅವರನ್ನು ಯಾರೂ ಕರೆಯಲೂ ಇಲ್ಲ. ಬಂದವಳೇ ಮತ್ತೆ ಮತ್ತೆ ಬಂದಳು, ಬಾರದವಳು ಒಮ್ಮೆಯೂ ಬರಲಿಲ್ಲ. ಲೆಕ್ಕದಲ್ಲಿ ಮಾತ್ರ ಪರೀಕ್ಷೆಗಳ ಸಂಖ್ಯೆ ಏರುತ್ತಲೇ ಇತ್ತು. ಲೇಪದಲ್ಲಿ ವಿಕಾರ ಕಂಡುಬಂದಿದ್ದರೂ ಆ ಸುದ್ದಿಯೇ ಮುಟ್ಟದೆ ರೋಗ ಬೆಳೆದ ಉದಾಹರಣೆಗಳು 1980ರ ದಶಕದಲ್ಲಿ ಬಯಲಿಗೆ ಬಂದು ದೊಡ್ಡ ಗದ್ದಲವಾಯಿತು. ಕೊನೆಗೆ 1988ರಲ್ಲಿ ಕಂಪ್ಯೂಟರಿನ ಪಟ್ಟಿಯಿಂದ ಪ್ರತಿಯೊಬ್ಬಳಿಗೂ ಪತ್ರ ಬರೆದು ಕರೆಯುವ, ಬಾರದಿದ್ದವಳಿಗೆ ಮತ್ತೆ ಬರೆಯುವ ವ್ಯವಸ್ಥೆಯಾಯಿತು. 1990ರಲ್ಲಿ, ತಮ್ಮ ಪಟ್ಟಿಯ ಹೆಂಗಸರಲ್ಲಿ ಅರ್ಧದಷ್ಟು ಮಂದಿಯ ಪರೀಕ್ಷೆ ಆಗಿದ್ದರೆ ಒಂದು ಮೊತ್ತವನ್ನೂ ನೂರಕ್ಕೆ 80 ಮಂದಿಯ ಪರೀಕ್ಷೆ ಆಗಿದ್ದರೆ ಅದಕ್ಕಿಂತ ದೊಡ್ಡ ಮೊತ್ತವನ್ನೂ ಕುಟುಂಬವೈದ್ಯರಿಗೆ ಕೊಡುವ ನಿಯಮ ಬಂದಿತು. 1988ರಲ್ಲಿ ನೂರಕ್ಕೆ 42ರಷ್ಟಿದ್ದ ವ್ಯಾಪ್ತಿ 1994ರ ಹೊತ್ತಿಗೆ 85ಕ್ಕೆ ಏರಿತು. ಅದುವರೆಗೆ ಅಲುಗಾಡದೆ ನಿಂತಿದ್ದ ರೋಗದ ಪ್ರಮಾಣವು ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚಾಗಿ ಇಳಿಯಿತು. ಪುಣ್ಯಕಾರ್ಯಕ್ಕೆ ಹಣದ ಆಸೆ ತೋರಿಸಬೇಕೆ ಎಂದು ಗೊಣಗಿದವರಿದ್ದರು. ಆ ಗೊಣಗಾಟವನ್ನು ನಾನು ಪೂರ್ಣವಾಗಿ ತಳ್ಳಿಹಾಕಲಾರೆ. ವೈದ್ಯನ ಲಾಭವು ರೋಗಿಯ ಒಪ್ಪಿಗೆಯ ಮೇಲೆ ನಿಂತಿರುವಾಗ ಒಪ್ಪಿಗೆ ಎಷ್ಟು ಸ್ವತಂತ್ರವಾದುದೆಂಬ ಪ್ರಶ್ನೆ ಉಳಿದೇ ಇರುತ್ತದೆ.

ಇದೇ ಇಂಗ್ಲೆಂಡಿನಲ್ಲಿ ಪಟ್ಟಿಯೂ ಪತ್ರವೂ ಮಾಡಲಾಗದುದನ್ನು ಒಮ್ಮೆ ಒಬ್ಬ ಹೆಂಗಸಿನ ದುರಂತ ಮಾಡಿತು. ಜೇಡ್ ಗೂಡಿ ಎಂಬ ಟೆಲಿವಿಷನ್ ತಾರೆ, ಒಂದು ಕಾರ್ಯಕ್ರಮದಲ್ಲಿ ನಮ್ಮ ಶಿಲ್ಪಾ ಶೆಟ್ಟಿಯನ್ನು ಹೀಯಾಳಿಸಿ ಕುಖ್ಯಾತಿ ಪಡೆದವಳು, 2008ರ ಆಗಸ್ಟಿನಲ್ಲಿ ಅದೇ ಶಿಲ್ಪಾ ನಿರೂಪಿಸುತ್ತಿದ್ದ ಹಿಂದಿ ಬಿಗ್ ಬಾಸ್ ಮನೆಯೊಳಗಿದ್ದಾಗಲೇ ತನಗೆ ಗರ್ಭಕಂಠದ ಕ್ಯಾನ್ಸರ್ ಇರುವುದನ್ನು ತಿಳಿದು ಸ್ವದೇಶಕ್ಕೆ ಮರಳಿ, ಮರುವರ್ಷ ಮಾರ್ಚಿನಲ್ಲಿ ಇಪ್ಪತ್ತೇಳನೆಯ ವಯಸ್ಸಿಗೆ ತೀರಿಕೊಂಡಳು. ಆ ಒಂದು ವರ್ಷದಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಐದು ಲಕ್ಷ ಹೆಚ್ಚಿನ ಪರೀಕ್ಷೆಗಳು ನಡೆದುವೆಂದು ಲೆಕ್ಕ ಹಾಕಿದ್ದಾರೆ. ಭಯದಿಂದ ಬಂದ ಜನಪ್ರವಾಹ ಭಯದೊಡನೆಯೇ ಇಳಿದುಹೋಯಿತು.

ಇನ್ನು ನಮ್ಮ ದೇಶ. ರಾಷ್ಟ್ರೀಯ ಕ್ಯಾನ್ಸರ್ ದಾಖಲಾತಿ ಯೋಜನೆಯಲ್ಲಿ ಮುಂಬಯಿ, ಮದರಾಸುಗಳ ಜೊತೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ 1982ರಲ್ಲಿ ನಗರದ ರೋಗಿಗಳ ಲೆಕ್ಕ ಇಡಲಾರಂಭಿಸಿದಾಗ, ಹೆಂಗಸರ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನದಲ್ಲಿದ್ದುದು ಗರ್ಭಕಂಠದ್ದೇ. ಆದರೆ ಪಟ್ಟಣದ ಲೆಕ್ಕಕ್ಕಿಂತ ಹೆಚ್ಚು ಕುತೂಹಲಕರವಾದುದು ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಆರಂಭವಾದ, ಭಾರತದ ಮೊದಲ ಗ್ರಾಮೀಣ ದಾಖಲಾತಿ. ಹಳ್ಳಿಯ ರೋಗಿಗಳು ಆಸ್ಪತ್ರೆಗೆ ಬಾರದೆಯೇ ಸಾಯುತ್ತಿದ್ದುದರಿಂದ, ಅಲ್ಲಿ ಆಸ್ಪತ್ರೆಯ ಪುಸ್ತಕವನ್ನು ನೋಡಿ ಎಣಿಸುವುದು ಸಾಧ್ಯವಿರಲಿಲ್ಲ. ಬಾರ್ಶಿ, ಪರಾಂಡ, ಭೂಮ್ ತಾಲ್ಲೂಕುಗಳ ಹಳ್ಳಿಹಳ್ಳಿಗೂ ಕಾರ್ಯಕರ್ತರು ಹೋಗಿ, ಜನರೊಡನೆ ಕುಳಿತು, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ದುರ್ಗಂಧದ ಸ್ರಾವವಿದ್ದರೆ ಅದು ಅಲಕ್ಷ್ಯ ಮಾಡತಕ್ಕುದಲ್ಲವೆಂದು ತಿಳಿಸಿ, ಅಂಥವರನ್ನು ಹುಡುಕಬೇಕಾಯಿತು. ಲೆಕ್ಕಕ್ಕಾಗಿ ಹೊರಟ ಈ ತಿರುಗಾಟದಿಂದ ಯಾರೂ ಉದ್ದೇಶಿಸದ ಒಂದು ಫಲ ದೊರೆಯಿತು: ಕೆಲವೇ ವರ್ಷಗಳಲ್ಲಿ, ರೋಗ ಇನ್ನೂ ಮೊದಲ ಹಂತಗಳಲ್ಲಿರುವಾಗಲೇ ಆಸ್ಪತ್ರೆಗೆ ಬರುವ ಹೆಂಗಸರ ಪ್ರಮಾಣ ಏರಿತು. ಯಾವ ಉಪಕರಣವನ್ನೂ ಒಯ್ಯದೆ, ಬರಿಯ ಮಾತನ್ನು ಒಯ್ದವರು ಸಾಧಿಸಿದ ಕಾರ್ಯವಿದು.

ಈ ನೆಲದ ಮೇಲೆಯೇ, ಹಿಂದೆ ನಿಜಾಮರ ಸಂಸ್ಥಾನದಲ್ಲಿ ನಮ್ಮ ಬೀದರ್, ಗುಲ್ಬರ್ಗ, ರಾಯಚೂರುಗಳ ಜೊತೆಗಿದ್ದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಡಾಕ್ಟರ್ ಶಂಕರನಾರಾಯಣನ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಒಂದು ಮಹಾಪ್ರಯೋಗವನ್ನು ಕೈಗೊಂಡರು. ಮೂವತ್ತರಿಂದ ಐವತ್ತೊಂಬತ್ತು ವರ್ಷದ 1,31,746 ಹೆಂಗಸರಿದ್ದ 52 ಗ್ರಾಮಗುಂಪುಗಳನ್ನು ನಾಲ್ಕು ಭಾಗ ಮಾಡಿ, ಒಂದಕ್ಕೆ ಲೇಪಪರೀಕ್ಷೆಯನ್ನು, ಒಂದಕ್ಕೆ ವಿನೆಗರ್ ಪರೀಕ್ಷೆಯನ್ನು, ಒಂದಕ್ಕೆ ಎಚ್‌ಪಿವಿ ಎಂಬ, ಈ ರೋಗಕ್ಕೆ ಕಾರಣವಾದ ವೈರಾಣುವಿನ ಪರೀಕ್ಷೆಯನ್ನು ಒಮ್ಮೆ ಮಾತ್ರ ಮಾಡಿ, ನಾಲ್ಕನೆಯದಕ್ಕೆ ಎಂದಿನ ಸೌಕರ್ಯವನ್ನಷ್ಟೇ ಉಳಿಸಿದರು. ಎಚ್‌ಪಿವಿ ಗುಂಪಿನ ಸುಮಾರು 34,000 ಹೆಂಗಸರಲ್ಲಿ 27,000ಕ್ಕೂ ಹೆಚ್ಚು ಮಂದಿ, ಅಂದರೆ ಐದರಲ್ಲಿ ನಾಲ್ವರು, ಪರೀಕ್ಷೆಗೆ ಬಂದರು. ಓದುಬರಹ ಕಡಿಮೆಯಿದ್ದ, ಬರಗಾಲದ ಸೀಮೆಯ ಹಳ್ಳಿಯ ಹೆಂಗಸರು ಇಂಗ್ಲೆಂಡಿನ ಪ್ರಮಾಣಕ್ಕೆ ಸಮೀಪವಾಗಿ ನಿಂತರೆಂಬುದನ್ನು ಗಮನಿಸಬೇಕು. ಎಂಟು ವರ್ಷಗಳ ಕಾಲ ಗಮನಿಸಿ, 2009ರಲ್ಲಿ ಪ್ರಕಟಿಸಿದ ಫಲದಲ್ಲಿ, ಎಚ್‌ಪಿವಿ ಗುಂಪಿನಲ್ಲಿ ಈ ರೋಗದಿಂದ ಸತ್ತವರು 34 ಮಂದಿ, ಪರೀಕ್ಷೆಯಿಲ್ಲದ ಗುಂಪಿನಲ್ಲಿ 64 ಮಂದಿ. ಉಳಿದೆರಡು ಪರೀಕ್ಷೆಗಳಿಂದ ಅಲ್ಲಿ ಹೇಳಿಕೊಳ್ಳುವಂಥ ಇಳಿತ ಕಾಣಲಿಲ್ಲ.

ಆದರೆ ವಿನೆಗರ್ ಪರೀಕ್ಷೆಯನ್ನು ಅಷ್ಟಕ್ಕೇ ಬಿಡುವಂತಿಲ್ಲ. ಅಡುಗೆಯ ವಿನೆಗರಿನಲ್ಲಿರುವ ಅಸೆಟಿಕ್ ಆಮ್ಲವನ್ನು ನೀರಿನಲ್ಲಿ ತೆಳುಮಾಡಿ, ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾದರೆ, ವಿಕಾರವಿದ್ದ ಭಾಗ ಬೆಳ್ಳಗಾಗಿ ಬರಿಗಣ್ಣಿಗೆ ಕಾಣುತ್ತದೆ. ಪ್ರಯೋಗಶಾಲೆ ಬೇಡ, ಫಲಿತಾಂಶಕ್ಕೆ ಮತ್ತೊಂದು ದಿನ ಬರಬೇಕಾಗಿಲ್ಲ. ಈ ಆಮ್ಲವನ್ನು ಗರ್ಭಕಂಠದ ಪರೀಕ್ಷೆಗೆ ತಂದವನು, 1925ರಲ್ಲಿ ಕಾಲ್ಪೊಸ್ಕೋಪ್ ಎಂಬ ದರ್ಶಕವನ್ನು ರಚಿಸಿದ ಜರ್ಮನಿಯ ಹಾನ್ಸ್ ಹಿನ್ಸೆಲ್ಮನ್. ಆತನ ಶಿಷ್ಯನ ಅಣ್ಣ ಆಶ್ವಿಟ್ಸ್ ಸೆರೆಶಿಬಿರದ ಮುಖ್ಯವೈದ್ಯನಾಗಿದ್ದು, ಅಲ್ಲಿ ಬಂದಿಗಳಾಗಿದ್ದ ಯೆಹೂದಿ ಹೆಂಗಸರ ಗರ್ಭಕಂಠದ ತುಣುಕುಗಳನ್ನು ಕತ್ತರಿಸಿ ಪರೀಕ್ಷೆಗೆಂದು ಹ್ಯಾಂಬರ್ಗಿಗೆ ಕಳುಹಿಸುತ್ತಿದ್ದುದು ಈ ವಿದ್ಯೆಯ ಚರಿತ್ರೆಯಲ್ಲಿ ಅಳಿಸಲಾಗದ ಕಲೆ. ‘ಭಾಗವಹಿಸುವಿಕೆ’ ಎಂಬ ಸಾಧುಶಬ್ದವನ್ನು ಬಳಸುವವರು ಆ ಹೆಂಗಸರನ್ನು ಯಾರೂ ಕರೆದಿರಲಿಲ್ಲ, ಕೇಳಿರಲೂ ಇಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡಿರಬೇಕು.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾಕ್ಟರ್ ಶಾಸ್ತ್ರಿ ಮತ್ತು ಅವರ ಸಂಗಡಿಗರು 1998ರಿಂದ ನಗರದ ಕೊಳಚೆಪ್ರದೇಶಗಳಲ್ಲಿ ಇದೇ ವಿನೆಗರ್ ಪರೀಕ್ಷೆಯನ್ನು ನಡೆಸಿದಾಗ, ಅದನ್ನು ಮಾಡಲು ಆರಿಸಿದುದು ವೈದ್ಯರನ್ನಲ್ಲ, ಹತ್ತನೆಯ ತರಗತಿಯವರೆಗೆ ಓದಿದ ಸ್ಥಳದ ಹೆಂಗಸರನ್ನು. ನಾಲ್ಕು ವಾರಗಳ ಶಿಕ್ಷಣ ಪಡೆದ ಇವರು ಓಣಿಓಣಿಗೆ ಹೋಗಿ ಕರೆದಾಗ ನೂರಕ್ಕೆ 89 ಮಂದಿ ಬಂದರು. ಎರಡು ವರ್ಷಕ್ಕೊಮ್ಮೆ ನಡೆದ ಪರೀಕ್ಷೆಯಿಂದ ಮರಣಗಳು ನೂರಕ್ಕೆ 31ರಷ್ಟು ಇಳಿದುವು. ಕರೆಯದೆ ಬಿಟ್ಟ ಗುಂಪಿನ ಹೆಂಗಸರ ವಿಷಯದಲ್ಲಿ ಈ ಪ್ರಯೋಗಗಳು ನ್ಯಾಯವಾಗಿ ನಡೆದುಕೊಂಡುವೆ ಎಂಬ ವಿವಾದ ಆಮೇಲೆ ದೇಶದೊಳಗೂ ಹೊರಗೂ ಎದ್ದಿತು. ಆ ಕಾಲದ ಭಾರತದಲ್ಲಿ ‘ಎಂದಿನ ಸೌಕರ್ಯ’ವೆಂದರೆ ಏನೂ ಇಲ್ಲದಿರುವುದೇ ಎಂದು ಪ್ರಯೋಗದ ಪರವಾದವರು ಹೇಳಿದರು. ಅದು ನಿಜ, ನಿಜವೆಂದ ಮಾತ್ರಕ್ಕೆ ಸಮಾಧಾನಕರವಲ್ಲ.

ಬಾರದಿರುವುದಕ್ಕೆ ಹೆಂಗಸರೇ ಕೊಡುವ ಕಾರಣಗಳನ್ನು ಕೇಳಿದರೆ ಪುಸ್ತಕದ ಕಾರಣಗಳಿಗೂ ಅವಕ್ಕೂ ಇರುವ ಅಂತರ ತಿಳಿಯುತ್ತದೆ. ವಿಜಯಪುರದ ಕಡೆಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸೊಬ್ಬಳಿಗೆ, “ಅಕ್ಕಾರ, ನಾಳೆ ಸಾಲಿಗೆ ಬರ್ರಿ, ತಪಾಸಣಿ ಐತಿ” ಎಂದಾಗ ಬಂದ ಉತ್ತರ ಹೀಗಿತ್ತು: “ಬ್ಯಾನಿ ಇಲ್ಲ ಬ್ಯಾಸರಿಲ್ಲ, ಸುಮ್ನ ಯಾಕ ತೋರಸ್ಲಿ ತಂಗಿ? ಒಂದಿನದ ಕೂಲಿ ತಪ್ಪತೈತಿ.” ಸ್ವಲ್ಪ ತಡೆದು ಆಕೆಯೇ ಮುಂದುವರಿಸಿದಳು: “ಏನರ ಐತಿ ಅಂದ್ರ ಮುಂದ ಯಾರು ನೋಡವ್ರು?” ನಾಚಿಕೆಯ ಮಾತು ಮೂರನೆಯದಾಗಿಯೂ ಬರಲಿಲ್ಲ.

ಸಂಕೋಚವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಸ್ಪೆಕ್ಯುಲಂ ಎಂಬ ತಣ್ಣನೆಯ ಲೋಹದ ಉಪಕರಣವನ್ನು ಸಂತೋಷದಿಂದ ಸ್ವಾಗತಿಸುವವಳು ಯಾವ ದೇಶದಲ್ಲಿಯೂ ಇಲ್ಲ. ಆದರೆ ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಒಂದು ಸಣ್ಣ ಬ್ರಷ್ಷಿನಿಂದ ಹೆಂಗಸು ತಾನೇ, ಮನೆಯ ಬಚ್ಚಲಿನಲ್ಲಿಯೇ, ತೆಗೆದುಕೊಳ್ಳಬಹುದೆಂಬುದು ಗೊತ್ತಾದ ಮೇಲೆ ಆ ಸಂಕೋಚಕ್ಕೂ ಒಂದು ದಾರಿಯಾಯಿತು. ಅರ್ಜೆಂಟೀನದ ಹುಹುಯ್ ಎಂಬ ಬಡ ಪ್ರಾಂತದಲ್ಲಿ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ಈ ಬ್ರಷ್ಷನ್ನು ಹೆಂಗಸರ ಕೈಗೆ ಕೊಟ್ಟಾಗ ನೂರಕ್ಕೆ 86 ಮಂದಿಯ ಪರೀಕ್ಷೆ ಆಯಿತು. ಅಂಥವೇ ಕಾರ್ಯಕರ್ತರು ಆಸ್ಪತ್ರೆಗೆ ಬನ್ನಿರೆಂದಷ್ಟೇ ಹೇಳಿಬಂದ ಕಡೆ ಬಂದವರು ನೂರಕ್ಕೆ 20 ಮಂದಿ ಮಾತ್ರ. 2015ರಲ್ಲಿ ಪ್ರಕಟವಾದ ಈ ಫಲದ ತರುವಾಯ ನೆದರ್ಲೆಂಡ್ಸ್ 2017ರಲ್ಲಿ ಸ್ವಯಂಸಂಗ್ರಹವನ್ನು ತನ್ನ ಯೋಜನೆಯಲ್ಲಿ ಸೇರಿಸಿಕೊಂಡಿತು, ಆಸ್ಟ್ರೇಲಿಯ 2022ರಲ್ಲಿ ಅದನ್ನು ತಪಾಸಣೆಗೆ ಬರುವ ಎಲ್ಲ ಹೆಂಗಸರಿಗೂ ತೆರೆಯಿತು.

ಭಾರತ ಸರ್ಕಾರವು 2016ರಲ್ಲಿ, ಮೂವತ್ತರಿಂದ ಅರವತ್ತೈದು ವರ್ಷದ ಹೆಂಗಸರೆಲ್ಲರಿಗೂ ಐದು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆಯಾಗಬೇಕೆಂದು ಮಾರ್ಗಸೂಚಿಯನ್ನು ಹೊರಡಿಸಿತು. ಫಿನ್ಲೆಂಡಿಗೆ ಪಾದ್ರಿಗಳ ಪುಸ್ತಕದಿಂದ ಬಂದ ಪಟ್ಟಿ ನಮ್ಮಲ್ಲಿ ಆಶಾ ಕಾರ್ಯಕರ್ತೆಯ ಕೈಯಿಂದ, ಮೂವತ್ತು ದಾಟಿದ ಪ್ರತಿಯೊಬ್ಬರ ಹೆಸರು, ವಯಸ್ಸು, ಬೀಡಿ ಎಲೆಯಡಿಕೆಗಳ ಅಭ್ಯಾಸಗಳ ಸಮೇತ, ಸಿದ್ಧವಾಗುತ್ತಿದೆ. ಆದರೂ 2019ರಿಂದ 21ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮೂವತ್ತರಿಂದ ನಲವತ್ತೊಂಬತ್ತು ವರ್ಷದ ಭಾರತೀಯ ಸ್ತ್ರೀಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 1.9. ಉಸ್ಮಾನಾಬಾದಿನ 80 ಎಲ್ಲಿ, ಇದು ಎಲ್ಲಿ! ತಮಿಳುನಾಡಿನ ಡಿಂಡಿಗಲ್ ಜಿಲ್ಲೆಯಲ್ಲಿ ನಡೆದ ಮತ್ತೊಂದು ಪ್ರಯೋಗದಲ್ಲಿ ಬಂದ 31,000ಕ್ಕೂ ಹೆಚ್ಚು ಹೆಂಗಸರಲ್ಲಿ ಹತ್ತರಲ್ಲೊಬ್ಬಳಿಗೆ ಬಿಳಿಯ ಕಲೆ ಕಂಡಿತ್ತು. ಅವರಲ್ಲಿ ತಕ್ಕವರಿಗೆ, ಅದಕ್ಕಾಗಿ ತರಬೇತಾದ ದಾದಿಯರೇ, ಅದೇ ಬಿಡಾರದಲ್ಲಿ, ಅದೇ ದಿನ, ವಿಕಾರವನ್ನು ಹೆಪ್ಪುಗಟ್ಟಿಸಿ ನಾಶಮಾಡುವ ಶೀತಚಿಕಿತ್ಸೆಯನ್ನು ಕೊಟ್ಟು ಮನೆಗೆ ಕಳುಹಿಸುತ್ತಿದ್ದರು. ಕಟ್ಟೆಯ ಮೇಲಿನ ಹೆಂಗಸು ಕೇಳಿದ ಎರಡನೆಯ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು. ಇಂದು ನಮ್ಮ ಹಳ್ಳಿಗಳಲ್ಲಿ ಕಲೆ ಕಂಡವಳು ತಾಲ್ಲೂಕು ಆಸ್ಪತ್ರೆಗೆ ಒಂದು ದಿನ, ಜಿಲ್ಲಾ ಆಸ್ಪತ್ರೆಗೆ ಒಂದು ದಿನ, ವರದಿಗೆ ಮತ್ತೊಂದು ದಿನ ಹೋಗಬೇಕಾಗಿ ಬರುತ್ತದೆ. ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ, ಮನೆಯಲ್ಲಿ ಕೊಡಬೇಕಾದ ವಿವರಣೆ, ಇವೆಲ್ಲ ಅವಳ ಪಾಲಿನವೇ.